ಮಾವನೋರ ಜೀಪು, ಅತ್ತಿಯೋರ ಹಿಡಿಕಿ

ಹ್ವಾದ ಸಲ ಕರಿಂಡಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿದ್ರಿ, "ಮುಂದಿಂದು ಯಾವಾಗ?" ಅಂತ ಕೇಳಿದ್ರಿ. ಈ ಸಲದ್ದು ಅಡಗಿ ಮಾತಲ್ಲ, ಗಾಡಿ ಮಾತು. ಗಂಡಸರ ಸುದ್ದಿ ನಮಗ್ಯಾಕ ಅಂತ ಬಿಟ್ಟು ಹೋಗಬ್ಯಾಡ್ರಿ. ಎರಡು ವರ್ಷ ನಮ್ಮ ಅಂಗಳದಾಗ ಒಂದು ಜೀಪು ಎಲುಬು ಎಲುಬು ಬಿಚ್ಚಿಕೊಂಡು ಬಿದ್ದಿತ್ತು. ಶಂಡಿಗಿ ಒಣಹಾಕಾಕ ಜಾಗ ಇಲ್ಲ, ರಂಗೋಲಿ ಹಾಕಾಕ ಜಾಗ ಇಲ್ಲ, ಹಪ್ಪಳ ಹರವೂ ಸೀರಿ ಮ್ಯಾಲ ಗ್ರೀಸಿನ ಕಲಿ. ಇಷ್ಟು ತಡಕೊಂಡ ಮ್ಯಾಲ ಅದರ ಇತಿಹಾಸ ಬರಿಯೂ ಹಕ್ಕು ನನಗೈತಿ. ಪಿಯುಸ್ಯಾಗ ನನ್ನ ಇಷ್ಟದ ವಿಷಯ ಇತಿಹಾಸನ ಇತ್ತು. ಮುಂದ ಓದೂದು ಆಗಲಿಲ್ಲ, ಮದುವಿ ಆತು, ಈ ಜೀಪಿನ ಮನಿಗೆ ಬಂದೆ.

ಜೀಪು ನಮ್ಮ ಮಾವನೋರದು. 1964ರ ಮಾಡೆಲ್ಲು, ಮಹೀಂದ್ರ ಕಂಪನಿಯ ವಿಲ್ಲಿಸ್ ಸಿಜೆ-3ಬಿ. ಮೊದಲ ಯಾವುದೋ ಸರಕಾರಿ ಖಾತೆಯೊಳಗ ಓಡಾಡಿತ್ತು, 1974ರಾಗ ಲಿಲಾವಿಗೆ ಬಂದಾಗ ಮಾವನೋರು ಹಿಡದ್ರು. ನಂಬರು ಇವತ್ತಿಗೂ ಎಂವೈ ಅಂತ ಶುರು ಆಗತೈತಿ. ಅದು ನೋಂದಣಿ ಆದಾಗ ನಮ್ಮ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕ. ಅಂದ್ರ ಈ ಗಾಡಿ ನಮ್ಮ ಕರ್ನಾಟಕಕ್ಕಿಂತ ವಯಸ್ಸಿನಾಗ ದೊಡ್ಡದು, ಹೆಸರಿಲೆ ಹೇಳೂದಾದ್ರ.

ನವಲಗುಂದದ ಕಡೆ ಎರಿ ಭೂಮಿ ನೋಡಿದವರಿಗೆ ಜೀಪು ಯಾಕ ಬೇಕಿತ್ತು ಅಂತ ಹೇಳೂದು ಬ್ಯಾಡ. ಬ್ಯಾಸಗ್ಯಾಗ ಕಾಲು ಇಳಿಯುವಷ್ಟು ಬಿರೀತೈತಿ. ನಾಕು ಹನಿ ಮಳಿ ಬಿದ್ರ ಸಾಕು, ಒಂದೊಂದು ಹೆಜ್ಜಿಗೆ ಚಪ್ಪಲಿಗೆ ಸೇರು ಸೇರು ಮಣ್ಣು ಮೆತ್ತತೈತಿ. ಚಕ್ಕಡಿ ಎತ್ತುಗೋಳು ಸುದ್ದಾ ಮೊಣಕಾಲು ಊರತಾವು. ಜೀಪಿನಾಗ ಗೇರಿನ ಬಾಜೂಕ ಇನ್ನೆರಡು ಸಣ್ಣ ಹಿಡಿಕಿ ಇರತಾವು. ಒಂದು ಎಳದ್ರ ಮುಂದಿನ ಗಾಲಿಗೂ ಜೋರು ಹೋಗತೈತಿ, ಇನ್ನೊಂದು ಎಳದ್ರ ಗಾಡಿ ಆಮಿ ಹಂಗ ನಿಧಾನ ಆಗತೈತಿ, ಆದ್ರ ಆನಿ ಹಂಗ ಎಳೀತೈತಿ. ಮಾವನೋರು ಇವಕ್ಕ "ಮುಂದಿನ ಎತ್ತು" "ಮುದಿ ಎತ್ತು" ಅಂತ ಹೆಸರಿಟ್ಟಿದ್ರು.

ಮಾವನೋರು ಗಾಡಿನ ಇದ್ದಂಗ ಇಟ್ಟವರಲ್ಲ. ಪೆಟ್ರೋಲ್ ಕುಡದು ಕುಡದು ಮನಿ ತೊಳೀತೈತಿ ಅಂತ 1985ರಾಗ ಹುಬ್ಬಳ್ಳ್ಯಾಗ ಮಿಸ್ತ್ರಿ ಚಾಚಾನ ಕಡೆ ಹೋಗಿ ಪೆಟ್ರೋಲ್ ಇಂಜಿನ್ ತಗಿಸಿ ಡೀಸೆಲ್ ಇಂಜಿನ್ ಕೂಡಿಸಿದ್ರು. ಆ ಕಾಲಕ್ಕ ಹಂಗ ಮಾಡಿಸಿದವರು ಊರಿಗೆ ಹತ್ತು ಮಂದಿ. ಮಹೀಂದ್ರದವರೂ ಫ್ರಾನ್ಸಿನ ಪೂಜೋ ಕಂಪನಿಯ ಡೀಸೆಲ್ ಇಂಜಿನ್ ತಮ್ಮ ಜೀಪಿಗೆ ಹಾಕಾಕ ಹತ್ತಿದ್ರು. ಮರುವರ್ಷ ಹಿಂದಿನ ಬಾಡಿ ಒಂದೂವರಿ ಫೂಟು ಚಾಚಿಸಿ, ಎರಡೂ ಬಾಜೂಕ ಎದುರಾಬದುರಾ ಕೂಡೂ ಹಂಗ ಬಾಕು ಮಾಡಿಸಿದ್ರು. ಅತ್ತಿಯೋರಿಗೆ ಹತ್ತಾಕ ಆಗೂದಿಲ್ಲ ಅಂತ ನಮ್ಮೂರ ಕಂಬಾರ ಅಜ್ಜನ ಕಡೆ ಒಂದು ಕಬ್ಬಿಣದ ಹಿಡಿಕಿ ಬಡಿಸಿ ಹಿಂದ ಬಲಗಡೆ ಕೂಡಿಸಿದ್ರು. ಆ ಬಾಕಿನ ಮ್ಯಾಲ ನವಲಗುಂದದ ಜಮಖಾನಿ ಹಾಸಿಕೊಂಡು ನಾವು ಹೆಣ್ಣಮಕ್ಕಳು ಬನದ ಹುಣ್ಣಿವಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗತಿದ್ವಿ. ಹನ್ನೊಂದು ಮಂದಿ, ಮ್ಯಾಲ ಹೋಳಿಗಿ ಬುಟ್ಟಿ. ಕೂಸುಗಳನ್ನ ಲೆಕ್ಕಕ್ಕ ಹಿಡದಿಲ್ಲ.

2003ರಾಗ ಮಾವನೋರು ತೀರಿಕೊಂಡ್ರು. ಮೂರು ವರ್ಷದ ಮ್ಯಾಲ ಜೀಪೂ ಬೇವಿನ ಗಿಡದ ಕೆಳಗ ನಿಂತು ಬಿಡತು. ಆದ್ರೂ ಪ್ರತಿ ಆಯುಧಪೂಜಿಗೆ ಒರಸಿ ಕುಂಬಳಕಾಯಿ ಒಡೀತಿದ್ವಿ. 2022ರ ದಸರಾದಾಗ ನನ್ನ ಮಗ ಬಾನೆಟ್ ಎತ್ತಿ ನೋಡಿದ್ರ ಒಳಗ ಅಳಿಲು ಗೂಡು ಕಟ್ಟಿತ್ತು. "ಅವ್ವಾ, ಇದನ್ನ ನಾ ಎಬ್ಬಸ್ತೀನಿ" ಅಂದ.

ಅಲ್ಲಿಂದ ಮನ್ಯಾಗ ಜಗಳ ಶುರು. ಮಗನ ಲೆಕ್ಕ ಒಂದು: ಎದಿಮಟ ಗಾಲಿ, ಮ್ಯಾಲ ಒಂದು ಸಾಲು ಲೈಟು, ಮುಂದ ಹಗ್ಗ ಎಳಿಯೂ ವಿಂಚು, ಒಳಗ ಹಾಡು. ನಮ್ಮ ಮನಿಯವರ ಲೆಕ್ಕ ಇನ್ನೊಂದು: ಎಲ್ಲಾ ಒರಿಜಿನಲ್ ಆಗಬೇಕು, ಮಿಲಿಟರಿ ಹಸಿರು ಬಣ್ಣ ಹೊಡಸಬೇಕು. ಇಬ್ಬರೂ ಒಂದು ಮಾತಿಗೆ ಮಾತ್ರ ಒಪ್ಪಿದ್ರು: "ಆ ಹಿಂದಿನ ಚಾಚಿದ್ದು ಮೊದಲ ಕಡೀಬೇಕು, ಅಸಹ್ಯ ಕಾಣತೈತಿ." ನನ್ನ ಯಾರೂ ಕೇಳಲಿಲ್ಲ. ನಾ ಸುಮ್ಮನ ಕುಂತು ಒಂದ ವಿಚಾರ ಮಾಡಿದೆ. ಒರಿಜಿನಲ್ ಒರಿಜಿನಲ್ ಅಂತಾರಲ್ಲ, ಈ ಗಾಡಿದು ಒರಿಜಿನಲ್ ಅಂದ್ರ ಯಾವುದು? ಮನಿಯವರು ಕೂಡಿಹಾಕಿದ ಪುಸ್ತಕ, ಮಗನ ಫೋನು, ಎರಡೂ ಇಟಗೊಂಡು ಮಧ್ಯಾಹ್ನ ಓದಾಕ ಕುಂತೆ.

ಕಥಿ ಶುರು ಆಗೂದು ಅಮೆರಿಕಾದಾಗ, 1940ರಾಗ. ಯುರೋಪಿನಾಗ ಯುದ್ಧ ಹತ್ತಿತ್ತು. ಅಮೆರಿಕಾದ ಸೈನ್ಯಕ್ಕ ಕುದುರಿ ಜಾಗಾಕ್ಕ ಒಂದು ಹಗುರ ಗಾಡಿ ಬೇಕಾಗಿತ್ತು, ನಾಕೂ ಗಾಲಿಗೆ ಜೋರು ಹೋಗೂವಂಥದು. 135 ಕಂಪನಿಗೆ ಪತ್ರ ಬರದ್ರು. ನಮೂನಿ ಗಾಡಿ ಮಾಡಿ ಕೊಡಾಕ 49 ದಿವಸ ಗಡುವು. 49 ದಿವಸದಾಗ ನಾವು ಒಂದು ಮದುವಿ ಸಂತಿ ಮುಗಸೂದಿಲ್ಲ! ಅಷ್ಟೂ ಮಂದ್ಯಾಗ ಒಪ್ಪಿಕೊಂಡು ಹೊತ್ತಿಗೆ ಸರಿಯಾಗಿ ಮಾಡಿ ಕೊಟ್ಟದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಅನ್ನೂ ಸಣ್ಣ ಕಂಪನಿ, ಅದೂ ದಿವಾಳಿ ಏಳೂ ಹಂಗಿದ್ದದ್ದು. ಕಾರ್ಲ್ ಪ್ರಾಬ್ಸ್ಟ್ ಅನ್ನೂ ಇಂಜಿನಿಯರು ಮೊದಲ ಸಂಬಳದ ಮಾತಿಲ್ಲದ ಬಂದು ಎರಡು ದಿವಸದಾಗ ನಕ್ಷಾ ಬರದ್ರು. ಸೆಪ್ಟೆಂಬರ್ 23ಕ್ಕ, ಗಡುವು ಮುಗಿಯೂ ದಿವಸ, ಗಾಡಿನ ರಸ್ತೆ ಮ್ಯಾಲ ತಾವ ಓಡಿಸಿಕೊಂಡು ಹೋಗಿ ಸೈನ್ಯದ ಬಾಗಲಕ್ಕ ನಿಲ್ಲಿಸಿದ್ರು.

ಆದ್ರ ಬ್ಯಾಂಟಮ್ ಸಣ್ಣ ಕಂಪನಿ, ಸಾವಿರಗಟ್ಟಲೆ ಗಾಡಿ ಹೆಂಗ ಮಾಡತೈತಿ ಅಂತ ಸೈನ್ಯದವರಿಗೆ ಸಂಶಯ. ಅದರ ನಕ್ಷಾ ತಗೊಂಡು ವಿಲ್ಲಿಸ್ ಮತ್ತ ಫೋರ್ಡ್ ಇಬ್ಬರಿಗೂ ಕೊಟ್ಟು ಬಿಟ್ರು. ವಿಲ್ಲಿಸ್‌ನವರ ಕಡೆ ಒಂದು ಚೊಲೋ ಇಂಜಿನ್ ಇತ್ತು, 60 ಹಾರ್ಸ್‌ಪವರ್. ಉಳಿದವರಕಿಂತ ಜೋರು, ಆದ್ರ ತೂಕ ಜಾಸ್ತಿ. ಸೈನ್ಯದವರು ಹಾಕಿದ ತೂಕದ ಮಿತಿಯೊಳಗ ಬರಾಕ ಅವರ ಇಂಜಿನಿಯರು ಬಾರ್ನಿ ರೂಸ್ ಬೋಲ್ಟಿನ ಉದ್ದ ಸುದ್ದಾ ಕಡಿಮಿ ಮಾಡಿಸಿದ್ರು, ಬಣ್ಣ ಒಂದ ಕೈ ಹೊಡಸಿದ್ರು. ಮಗಳ ಊರಿಗೆ ವಿಮಾನದಾಗ ಹೋಗುವಾಗ ಚಟ್ನಿಪುಡಿ ಡಬ್ಬಿಯಿಂದ ತಗದು ಪ್ಲಾಸ್ಟಿಕ್ ಚೀಲಕ್ಕ ಹಾಕತೀವಲ್ಲ, ಹಂಗ.

ಇನ್ನ ಜೀಪಿನ ಮಾರಿ. ಈಗ ಯಾರ ನೋಡಿದ್ರೂ ಜೀಪು ಅಂತ ಗುರುತು ಹಿಡಿಯೂದು ಮುಂದಿನ ಆ ಸೀಳು ಸೀಳು ಜಾಳಿಗಿಲೆ. ವಿಲ್ಲಿಸ್‌ನವರು ಮೊದಲ ಕಬ್ಬಿಣದ ಪಟ್ಟಿ ಒಂದೊಂದ ಕೂಡಿಸಿ ವೆಲ್ಡ್ ಮಾಡತಿದ್ರು. ಒಂದ ತಗಡಿನಾಗ ಸೀಳು ಒತ್ತಿ ತಗದದ್ದು ಫೋರ್ಡ್‌ನವರು. ಅಗ್ಗನೂ ಹಗುರೂ ಆತು ಅಂತ ವಿಲ್ಲಿಸ್‌ನವರೂ ಅದನ್ನ ಹಿಡದ್ರು. ಅಂದ್ರ ಮೈ ಬ್ಯಾಂಟಮ್‌ನವರ ವಿಚಾರ, ಎದಿ ವಿಲ್ಲಿಸ್, ಮಾರಿ ಫೋರ್ಡ್. ಯುದ್ಧ ಮುಗಿಯೂದರೊಳಗ ವಿಲ್ಲಿಸ್ ಮತ್ತ ಫೋರ್ಡ್ ಕೂಡಿ ಆರು ಲಕ್ಷಕ್ಕಿಂತ ಜಾಸ್ತಿ ಜೀಪು ಮಾಡಿದ್ರು. ಬ್ಯಾಂಟಮ್‌ನವರಿಗೆ ಜೀಪಿನ ಹಿಂದ ಕಟ್ಟೂ ಟ್ರೇಲರ್ ಮಾಡೂ ಕೆಲಸ ಸಿಕ್ಕಿತು! "ಜೀಪು ಹುಟ್ಟಿಸಿದವರು ನಾವು" ಅಂತ ಜಾಹೀರಾತು ಕೊಟ್ಟವರು ವಿಲ್ಲಿಸ್‌ನವರು. ಒಬ್ಬಾಕಿ ಹೂರಣ ರುಬ್ಬತಾಳ, ಒಬ್ಬಾಕಿ ಕಣಕ ನಾದತಾಳ, ಬಡಸಾಕ ಬಂದಾಕಿಗೆ "ಹೋಳಿಗಿ ಭಾಳ ಚೊಲೋ ಮಾಡಿಯವಾ" ಅಂತಾರ. ನಮಗ ಇದೇನು ಹೊಸಾದಲ್ಲ.

ಜೀಪು ಅನ್ನೂ ಹೆಸರು ಸುದ್ದಾ ಎಲ್ಲಿಂದ ಬಂತು ಅಂತ ಇನ್ನೂ ವಾದ ಐತಿ. ಫೋರ್ಡ್‌ನವರ ಗುರುತಿನ ಅಕ್ಷರ ಜಿ ಮತ್ತ ಪಿ ಕೂಡಿ ಜೀಪು ಆತು ಅಂತ ಒಬ್ಬರು, ಪಾಪಾಯ್ ಕಾರ್ಟೂನಿನಾಗ 1936ರಾಗ ಬಂದ ಜೀಪ್ ಅನ್ನೂ ವಿಚಿತ್ರ ಪ್ರಾಣಿಯಿಂದ ಬಂತು ಅಂತ ಒಬ್ಬರು.

ನನಗ ಹಿಡಿಸಿದ ಸಂಗತಿ ಅಂದ್ರ ಯುದ್ಧದ ಜೀಪಿಗೆ ಹಿಂದ ಬಾಗಲಾ ಇರಲಿಲ್ಲ. ಅಲ್ಲೆ ಸ್ಟೆಪ್ನಿ ಗಾಲಿ ಕೂಡಿಸಿದ್ರು. 1945ರಾಗ ಅದನ್ನ ಸೈನ್ಯದಿಂದ ಬಿಡಿಸಿ ರೈತರಿಗೆ ಮಾರಬೇಕು ಅಂತ ಆದಾಗ ವಿಲ್ಲಿಸ್‌ನವರು ಮಾಡಿದ ಮುಖ್ಯ ಬದಲಾವಣಿಯೊಳಗ ಒಂದು ಇದು: ಗಾಲಿನ ಬಾಜೂಕ ಸರಿಸಿ, ಹಿಂದ ಕೆಳಗ ಬೀಳೂವಂಥ ಬಾಗಲಾ ಇಟ್ರು. ಸಾಮಾನು ಏರಸಾಕ, ಇಳಸಾಕ. ಅದರ ಹೆಸರು ಸಿಜೆ-2ಎ. ಸಿಜೆ ಅಂದ್ರ ಸಿವಿಲಿಯನ್ ಜೀಪು, ನಮ್ಮ ನಿಮ್ಮಂಥ ಸಂಸಾರಸ್ಥರ ಜೀಪು. ನೇಗಿಲಾ ಎಳೀತೈತಿ, ಗರಗಸ ತಿರಗಸತೈತಿ ಅಂತ ಹೇಳಿ ಹೊಲದವರಿಗೆ ಮಾರಿದ್ರು. 1953ರಾಗ ಬಂದದ್ದು ನಮ್ಮ ಮನ್ಯಾಗಿನ 3ಬಿ. ಹೊಸ ಇಂಜಿನ್ ಎತ್ತರ ಆತು, ಅದಕ್ಕ ಬಾನೆಟ್ಟೂ ಎತ್ತರ ಮಾಡಿದ್ರು. ಮುಂದಿನಿಂದ ನೋಡಿದ್ರ ಹಣಿ ದೊಡ್ಡದು, ನಮ್ಮ ಮಾವನೋರ ಹಂಗ.

ನಮ್ಮ ದೇಶಕ್ಕ ಅದು ಬಂದ ಕಥಿಯೊಳಗೂ ಒಂದು ತಿರುವು ಐತಿ. 1945ರ ಅಕ್ಟೋಬರ್ 2ಕ್ಕ ಕಂಪನಿ ಶುರು ಆದಾಗ ಹೆಸರು ಮಹೀಂದ್ರ ಅಂಡ್ ಮಹಮ್ಮದ್. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಅಣ್ಣತಮ್ಮ, ಜೋಡಿ ಮಲಿಕ್ ಗುಲಾಮ್ ಮಹಮ್ಮದ್. ಉಕ್ಕಿನ ವ್ಯಾಪಾರ. ದೇಶ ಎರಡಾದಾಗ ಗುಲಾಮ್ ಮಹಮ್ಮದರು ಪಾಕಿಸ್ತಾನಕ್ಕ ಹೋಗಿ ಅಲ್ಲೆ ಮೊದಲನೇ ಹಣಕಾಸು ಮಂತ್ರಿ ಆದ್ರು, 1951ರಾಗ ಗವರ್ನರ್ ಜನರಲ್ಲೂ ಆದ್ರು. 1948ರಾಗ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆತು. ಸ್ವಾತಂತ್ರ್ಯ ಬಂದ ಆಸುಪಾಸಿನಾಗ ಮುಂಬೈಯಾಗ ಅಮೆರಿಕಾದಿಂದ ಬಂದ ಬಿಡಿಭಾಗ ಜೋಡಿಸಿ ಜೀಪು ಮಾಡಾಕ ಹತ್ತಿದ್ರು. ಬರಬರತಾ ಭಾಗಗೋಳೂ ಇಲ್ಲೇ ಆದುವು, ಸ್ಟೇರಿಂಗ್ ನಮ್ಮ ಪದ್ಧತಿ ಹಂಗ ಬಲಕ್ಕ ಬಂತು. ಅಮೆರಿಕಾದಾಗ 3ಬಿ 1968ಕ್ಕ ನಿಂತು ಹೋತು. ನಮ್ಮಲ್ಲೆ ಅದರ ಮಕ್ಕಳು ಮೊಮ್ಮಕ್ಕಳು ಎಷ್ಟೋ ವರ್ಷ ಬರತಾನ ಇದ್ದುವು.

ಇದನ್ನೆಲ್ಲಾ ಊಟಕ್ಕ ಬಡಸೂವಾಗ ಅಪ್ಪ ಮಗನಿಗೆ ಹೇಳಿದೆ. "ಹಿಂದ ಚಾಚಿದ್ದು ಅಸಹ್ಯ ಅಂತೀರಲ್ಲ, ಫಿಲಿಪೈನ್ಸ್ ದೇಶದ ಸುದ್ದಿ ಗೊತ್ತೈತಿ?" ಅಂತ ಕೇಳಿದೆ. ಯುದ್ಧದಾಗ ಮನಿಲಾ ಊರು ಹಾಳಾಗಿ ಟ್ರಾಮ್ ಎಲ್ಲಾ ನಾಶ ಆಗಿತ್ತು. ಅಮೆರಿಕಾದ ಸೈನ್ಯ ಬಿಟ್ಟು ಹ್ವಾದ ಜೀಪುಗಳನ್ನ ಅಲ್ಲಿ ಮಂದಿ ತಗೊಂಡು, ಹಿಂದ ಉದ್ದ ಮಾಡಿ, ಎರಡೂ ಬಾಜೂಕ ಎದುರಾಬದುರಾ ಬಾಕು ಹಾಕಿ, ಮ್ಯಾಲ ಛತ್ತು ಕೂಡಿಸಿ, ಬಣ್ಣ ಬಣ್ಣದ ಚಿತ್ರ ಬರದು ಊರ ಬಸ್ಸು ಮಾಡಿಕೊಂಡ್ರು. ಜೀಪ್ನಿ ಅಂತ ಅದರ ಹೆಸರು. ಅಲ್ಲಿಯವರಿಗೆ ಅದು ಅಭಿಮಾನ. ಮಾವನೋರು ಮನಿಲಾ ಹೆಸರು ಕೇಳಿದ್ರೋ ಇಲ್ಲೋ, ಆದ್ರ ಅವರಿಗೆ ಹೊಳದದ್ದೂ ಅದ. ಮಂದಿ ಜಾಸ್ತಿ, ಗಾಡಿ ಸಣ್ಣದು, ಏನ ಮಾಡೂದು?

ಮನಿಯವರು ಒಂದು ಚಪಾತಿ ಹೆಚ್ಚಿಗಿ ಹಾಕಿಸಿಕೊಂಡು, "ಅದೆಲ್ಲಾ ಖರೆ, ಆದ್ರ ಕಾಯ್ದೆ ಕೇಳೂದಿಲ್ಲ" ಅಂದ್ರು.

ಕಾಯ್ದೆದು ಹಿಂಗೈತಿ ನೋಡ್ರಿ, ನಿಮ್ಮ ಮನ್ಯಾಗೂ ಯಾರದರ ಹಳೇ ಗಾಡಿ ಇದ್ರ ಉಪಯೋಗ ಆದೀತು. ಕಂಪನಿಯವರು ಮಾಡಿದ್ದಕ್ಕ ಹೊಂದದ ಹಂಗ ಗಾಡಿ ಬದಲ ಮಾಡಾಕ ಬರೂದಿಲ್ಲ ಅಂತ 2019ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಅಲ್ಲಿಗೆ ಮಗನ ಎದಿಮಟ ಗಾಲಿ ಹೋತು. 2021ರ ಜುಲೈದಾಗ ಕೇಂದ್ರ ಸರಕಾರ ವಿಂಟೇಜ್ ಗಾಡಿಗಂತ ಬ್ಯಾರೆ ನಿಯಮ ತಂತು. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡ ಬದಲಾವಣಿ ಆಗಿರಬಾರದು, ಮೂಲ ರೂಪದಾಗ ಇರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೀತೈತಿ, ಮುಂದ ಮತ್ತ ಮಾಡಸಾಕ 5,000. ಮೊದಲ ನೋಂದಣಿ ಆಗಿದ್ರ ಹಳೇ ನಂಬರ್ ಉಳಿಸಿಕೋಬಹುದು. ದಿನಾ ಓಡಸೂ ಹಂಗಿಲ್ಲ. ಪ್ರದರ್ಶನ, ರ‍್ಯಾಲಿ ಇಂಥಾದ್ದಕ್ಕ ಅಷ್ಟ. ಮನಿಯವರಿಗೂ ಒಂದು ಪೆಟ್ಟು ಬಿತ್ತು: ಮಿಲಿಟರಿ ಹಸಿರು ಬಣ್ಣ ಸೈನ್ಯದ ಗಾಡಿ ಬಿಟ್ಟು ಬ್ಯಾರೆಯವರು ಹೊಡಸೂ ಹಂಗಿಲ್ಲ, ಅದು ನಿಯಮದಾಗನ ಐತಿ. ಹಂಗೂ ಬಣ್ಣ ಕೆರದು ನೋಡಿದಾಗ ಮ್ಯಾಲ ಮಾವನೋರು ಹೊಡಸಿದ ನೀಲಿ, ಅದರ ಕೆಳಗ ಇನ್ನೊಂದು ನೀಲಿ, ಎಲ್ಲಾಕಿಂತ ಕೆಳಗ ಬೂದಿ ಬಣ್ಣ. ಹಸಿರು ಒಂದು ಚೂರೂ ಇಲ್ಲ. ಈ ಜೀಪು ಎಂದೂ ಮಿಲಿಟರಿಗೆ ಹೋಗೇ ಇರಲಿಲ್ಲ.

ಅದ ಹೊತ್ತಿಗೆ ಹಿತ್ತಲ ಖೋಲ್ಯಾಗ ಹಳೇ ಗ್ವಾಣಿಚೀಲದ ಕೆಳಗ ಮಾವನೋರು ಇಟ್ಟಿದ್ದ ಪೆಟ್ರೋಲ್ ಇಂಜಿನ್ ಸಿಕ್ಕಿತು. ವಾಟರ್ ಪಂಪಿನ ಹತ್ತಿರ ಒತ್ತಿದ ನಂಬರ್ ಒರಸಿ ನೋಡಿದ್ರ ಆರ್‌ಸಿ ಪುಸ್ತಕದಾಗ ಕೆಂಪು ಶಾಯಿಲೆ ಗೀಟು ಹೊಡದು ಪಕ್ಕಕ್ಕ ಡೀಸೆಲ್ ನಂಬರ್ ಬರದಿದ್ರಲ್ಲ, ಆ ಗೀಟಿನ ಕೆಳಗಿನ ನಂಬರ್ ಇದ. ಅಪ್ಪ ಮಗ ಇಬ್ಬರೂ ಕುಣದ್ರು. ಡೀಸೆಲ್ ತಗದು ಇದನ್ನ ಕೂಡಿಸಿ, ಹಿಂದಿಂದು ಕಡದ್ರ ಗಾಡಿ ಮೂಲಕ್ಕ ಬಂತು. ಮಾವನೋರು ಚಾಸಿ ಕಡಸಿರಲಿಲ್ಲ, ಬಾಡಿ ಅಷ್ಟ ಚಾಚಿಸಿದ್ರು, ಪುಣ್ಯಾಕ್ಕ.

ನಾ ಮಾತ್ರ ಕುಣೀಲಿಲ್ಲ. ಅವತ್ತ ಸಂಜೀಕ ಮಗನ ಕೂಡಿಸಿಕೊಂಡು 1992ರ ಶ್ರಾವಣದ ರಾತ್ರಿ ಸುದ್ದಿ ಹೇಳಿದೆ. "ಹಳ್ಳದಾಗ ಹುಟ್ಟಬೇಕಾದಾಂವ" ಅಂತ ಮಂದಿ ಚಾಷ್ಟಿ ಮಾಡೂದು ಅವಂಗ ಗೊತ್ತಿತ್ತು, ಪೂರಾ ಸುದ್ದಿ ಗೊತ್ತಿರಲಿಲ್ಲ.

ಮೂರು ದಿವಸ ಮಳಿ ಹಿಡದಿತ್ತು. ನನಗ ಬ್ಯಾನಿ ಶುರು ಆದಾಗ ರಾತ್ರಿ ಒಂಬತ್ತು. ಸೂಲಗಿತ್ತಿ ಮುದುಕಿ ಹೊಟ್ಟಿ ಮುಟ್ಟಿ ನೋಡಿ, "ಕೂಸು ಅಡ್ಡ ಐತಿ, ನನ್ನ ಕೈಲೆ ಆಗೂದಿಲ್ಲ, ಹುಬ್ಬಳ್ಳಿಗೆ ಒಯ್ರಿ" ಅಂದ್ಲು. ಬೆಣ್ಣಿಹಳ್ಳ ತುಂಬಿ ಕೆಳಗಿನ ಸೇತುವಿ ಮ್ಯಾಲ ನೀರು ಹರೀತಿತ್ತು. ಹಿಂದಿನ ಬಾಕಿನ ನಡುವ ಗಾದಿ ಹಾಸಿ ನನ್ನ ಮಲಗಿಸಿದ್ರು. ಗಾಡಿ ಮೊದಲಿನ ಹಂಗ ಸಣ್ಣದಿದ್ರ ಮಲಗಾಕ ಆಗತಿದ್ದಿಲ್ಲ. ಅತ್ತಿಯೋರು ನನ್ನ ತಲಿ ತೊಡಿ ಮ್ಯಾಲ ಇಟಗೊಂಡು, ಒಂದು ಕೈಲೆ ನನ್ನ ಕೈ, ಇನ್ನೊಂದು ಕೈಲೆ ಆ ಕಬ್ಬಿಣದ ಹಿಡಿಕಿ ಹಿಡದು ಕುಂತ್ರು. ಹಳ್ಳದ ದಂಡಿಗೆ ಮಾವನೋರು ಇಳದು ಕೋಲು ಹಿಡದು ನೀರಾಗ ನಡದು ನೋಡಿ ಬಂದ್ರು. ಫ್ಯಾನಿನ ಬೆಲ್ಟ್ ಬಿಚ್ಚಿದ್ರು, ಫ್ಯಾನು ನೀರು ಇಂಜಿನ್ ಮ್ಯಾಲ ಚಿಮ್ಮಬಾರದು ಅಂತ. ಆಮ್ಯಾಲ ಮುಂದಿನ ಎತ್ತು, ಮುದಿ ಎತ್ತು ಎರಡೂ ಹಾಕಿ, ನಡುವ ಎಲ್ಲೂ ಗೇರ್ ಬದಲಿ ಮಾಡದ, ನಿಲ್ಲಿಸದ, ಒಂದ ಸಮ ಹೊಡದ್ರು. ನೀರು ಗಾಡಿ ಒಳಗ ಬಂದು ನನ್ನ ಗಾದಿ ನೆನೀತು. ನಮ್ಮ ಮನಿಯವರು ಮುಂದ ಕುಂತು ಬ್ಯಾಟರಿ ಹಿಡದಿದ್ರು, ಬೆಳಕು ನಡಗತಿತ್ತು ಅಂತ ಮಾವನೋರು ಆಮ್ಯಾಲ ಹೇಳಿ ಹೇಳಿ ನಗತಿದ್ರು. (ಈಗ ಯಾರೂ ಹಂಗ ಮಾಡಬ್ಯಾಡ್ರಿ. ಹರಿಯೂ ನೀರು ಮೊಣಕಾಲ ಮಟ ಇದ್ರೂ ಗಾಡಿ ಎತ್ತಿ ಒಯ್ಯತೈತಿ. ಅವತ್ತ ಬ್ಯಾರೆ ದಾರಿ ಇರಲಿಲ್ಲ, ದೇವರು ಕಾಯ್ದ.) ಮುಂಜಾನೆ ನಾಕಕ್ಕ ಆಪರೇಷನ್ ಮಾಡಿ ಮಗನ್ನ ತಗದ್ರು.

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಕಿಡಿ ಹಾರಸೂ ವಾಯರಿಗೆ, ಡಿಸ್ಟ್ರಿಬ್ಯೂಟರಿಗೆ ನೀರು ಬಡದ್ರ ಅಲ್ಲೇ ನಿಂದರತೈತಿ. ಡೀಸೆಲ್ಲಿಗೆ ಕಿಡಿ ಬೇಕಾಗೂದಿಲ್ಲ, ಒತ್ತಿದ ಗಾಳಿಯ ಬಿಸಿಗೇ ಹೊತ್ತತೈತಿ. ಮಾವನೋರು ಹೇಳತಿದ್ರು, "ಹಳೇ ಇಂಜಿನ್ ಇದ್ದಿದ್ರ ಅವತ್ತ ನಡು ಹಳ್ಳದಾಗ ಇರತಿದ್ವಿ" ಅಂತ. ರೊಕ್ಕ ಉಳಸಾಕ ಹಾಕಿಸಿದ ಇಂಜಿನ್ ಅದು.

ಮಗ ಕೇಳಿ ಏನೂ ಅನಲಿಲ್ಲ. ಮರುದಿವಸ ಮುಂಜಾನೆ ಟೇಪು ಹಿಡದು ಹಿಂದಿನ ಬಾಡಿ ಅಳೀಲಿಕತ್ತಿದ್ದ. "ಹಿಂಗ ಇಡೂಣೇನವ್ವ?" ಅಂದ. ಹಿಂಗ ಇಟ್ರ ಕಾಗದ ಆಗೂದಿಲ್ಲ, ಕಾಗದ ಆಗದಿದ್ರ ಗಾಡಿ ಮತ್ತ ಬೇವಿನ ಗಿಡದ ಕೆಳಗ, ಇಲ್ಲಾ ಗುಜರಿಗೆ. ನಾ ಎರಡು ದಿವಸ ವಿಚಾರ ಮಾಡಿದೆ, ಹೂಂ ಅಂತ ಬಾಯಿಲೆ ಬರಲಿಲ್ಲ. ಕಡೀಕ ಅತ್ತಿಯೋರ ಹತ್ತಿರ ಹ್ವಾದೆ. ಅವರಿಗೆ ಈಗ ಎಂಬತ್ತೈದು. "ಕಡೀಲಿ ಬಿಡವಾ, ನಾ ಏನ ಇನ್ನ ಎಲ್ಲಮ್ಮನ ಗುಡ್ಡಕ್ಕ ಹೊಂಟೇನಿ? ಆದ್ರ ನನ್ನ ಹಿಡಿಕಿ ಇರಲಿ" ಅಂದ್ರು.

ಇನ್ನ ಕೆಲಸದ ಮಾತು. ಜಂಗು ಹಿಡದ ಬೋಲ್ಟು ಜೋರಲೆ ತಿರುಗಿಸಿದ್ರ ತಲಿ ಮುರೀತೈತಿ. ಚಿಮಣಿ ಎಣ್ಣಿ ಬಿಟ್ಟು ಒಂದು ರಾತ್ರಿ ಬಿಡಬೇಕು, ಮರುದಿವಸ ಮತ್ತ ಬಿಡಬೇಕು. ಬಿಚ್ಚಿದ್ದೆಲ್ಲಾ ಎಲ್ಲಿದು ಅಂತ ಮೊದಲ ಫೋಟೋ ತಗೀಬೇಕು. ನಮ್ಮ ಮಂದಿ ಮೊದಲನೇ ವಾರ ಎಲ್ಲಾ ಬೋಲ್ಟು ಒಂದ ಬಕೀಟಿನಾಗ ಹಾಕಿ ಕುಂತಿದ್ರು. ನಾ ಹಾರ್ಲಿಕ್ಸ್ ಬಾಟ್ಲಿ, ಉಪ್ಪಿನಕಾಯಿ ಬಾಟ್ಲಿ ಎಲ್ಲಾ ತೊಳದು, ಹಳೇ ಕ್ಯಾಲೆಂಡರ್ ಕತ್ತರಿಸಿ "ಬಲಗಡೆ ಮಡ್‌ಗಾರ್ಡ್", "ರೇಡಿಯೇಟರ್ ಕೆಳಗಿಂದು" ಅಂತ ಬರದು ಹಚ್ಚಿದೆ. ಅಡಗಿಮನಿ ಮಾಡಿನಾಗ ಜೀರಗಿ ಸಾಸಿವಿ ಪಕ್ಕಕ್ಕ ನಲವತ್ತೊಂದು ಬಾಟ್ಲಿ.

ಸಣ್ಣ ಸಣ್ಣ ಜಂಗಿನ ಸಾಮಾನಿಗೆ ಮಗ ಯಾವುದೋ ಕೆಮಿಕಲ್ ತರಿಸಾಂವ ಇದ್ದ. ನಾ ಹಳೇ ಹುಣಸಿಹಣ್ಣು ನೆನಸಿ ಆ ಹುಳಿನೀರಾಗ ಹಾಕಿಟ್ಟೆ. ಹಿತ್ತಾಳಿ ಕೊಡ ತಿಕ್ಕೂದಕ್ಕೂ ಅದ ಅಲ್ಲೇನು? ಎರಡು ದಿವಸಕ್ಕ ಜಂಗು ಕರಗಿ ಕರೇ ನೀರಾತು. ಆಮ್ಯಾಲ ತಿನ್ನೂ ಸೋಡಾ ಹಾಕಿದ ನೀರಾಗ ತೊಳದು, ಒರಸಿ, ಹಸೀ ಇರೂದ್ರಾಗ ಬಿಡದ ಒಣಗಿಸಿ ಎಣ್ಣಿ ಹಚ್ಚಬೇಕು. ಇಲ್ಲಂದ್ರ ರಾತ್ರಿ ಬೆಳಗಾಗೂದ್ರಾಗ ಮತ್ತ ಕೆಂಪಗ. ಹಳೇ ಬಣ್ಣ ಕೆರಿಯೂವಾಗ ಮಾತ್ರ ಮಾರಿಗೆ ಮಾಸ್ಕು ಕಟ್ಟಿಸಿದೆ, ಮೊಮ್ಮಗಳನ್ನ ಆ ಕಡೆ ಬಿಡಲಿಲ್ಲ. ಹಳೇ ಬಣ್ಣದಾಗ ಸೀಸ ಇರತೈತಿ, ಕೂಸುಗೋಳಿಗೆ ವಿಷ ಅದು.

ಚಾಸಿ ಸೊಟ್ಟ ಆಗೈತೋ ಇಲ್ಲೋ ನೋಡೂದೂ ನಮ್ಮ ರಂಗೋಲಿ ಲೆಕ್ಕನ. ಮುಂದಿನ ಎಡ ಮೂಲಿಯಿಂದ ಹಿಂದಿನ ಬಲ ಮೂಲಿಗೆ ಅಳೀರಿ, ಆಮ್ಯಾಲ ಆ ಕಡಿದು ಅಳೀರಿ. ಎರಡೂ ಒಂದ ಬಂದ್ರ ಚೌಕ ಸರಿ ಐತಿ. ನಮ್ಮದು ಅರ್ಧ ಇಂಚು ಫರಕು ಬಂತು. ಮಿಸ್ತ್ರಿ ಚಾಚಾನ ಮಗ ಬಂದು ಸರಿ ಮಾಡಿ ಹ್ವಾದ. ಚಾಚಾ ಈಗಿಲ್ಲ.

ಪೆಟ್ರೋಲ್ ಇಂಜಿನ್ ಮೂವತ್ತೇಳು ವರ್ಷ ಕೂತು ಬಿಗದಿತ್ತು. ಪ್ಲಗ್ ತಗದು ನಾಕೂ ತೂತಿನಾಗ ಚಿಮಣಿ ಎಣ್ಣಿ, ಇಂಜಿನ್ ಆಯಿಲ್ ಕೂಡಿಸಿ ಹಾಕಿದ್ವಿ. ಹದಿನೈದು ದಿವಸ ಯಾರೂ ಮುಟ್ಟಬಾರದು ಅಂತ ನಾನ ಕಾವಲು. ಹದಿನಾರನೇ ದಿವಸ ಕೈಲೆ ತಿರುಗಿಸಿದಾಗ ಒಂದು ಬೆರಳಷ್ಟು ಸರೀತು. ಅಲ್ಲಿಂದ ಪೂರಾ ಬಿಚ್ಚಿ, ಬೋರಿಂಗ್ ಮಾಡಿಸಿ, ರಿಂಗು ಹಾಕಿ ಕೂಡಿಸಾಕ ಎಂಟು ತಿಂಗಳು. ರೊಕ್ಕ ಎಷ್ಟಾತು ಅಂತ ಕೇಳಬ್ಯಾಡ್ರಿ, ಮನಿಯವರು ಓದತಾರ.

ಹ್ವಾದ ಯುಗಾದಿ ಮರುದಿವಸ ಮೊದಲನೇ ಸಲ ಹ್ಯಾಂಡಲ್ ಹಾಕಿದ್ರು. ಮಗ ಹ್ಯಾಂಡಲ್ಲಿಗೆ ಕೈ ಹಾಕಿದ್ದ ತಡ, ಪಡಸಾಲಿಯಿಂದ ಅತ್ತಿಯೋರು ಒದರಿದ್ರು: "ಹೆಬ್ಬಟ್ಟು ಬೆರಳಿನ ಬಾಜೂಕ ಇಟಗೋಳೋ! ಸುತ್ತಿ ಹಿಡದ್ರ ಹೊಳ್ಳಿ ಹೊಡದು ಮುರೀತೈತಿ, ನಿಮ್ಮಜ್ಜಂದು ಎರಡು ಸಲ ಉಳಕಿತ್ತು." ಏಳೆಂಟು ಸಲ ಹೊಡದ ಮ್ಯಾಲ ಹೊಗಿ ಬಿಟ್ಟು ಚಾಲೂ ಆತು.

ಡೀಸೆಲ್ ಇಂಜಿನ್ನಿಗೆ ಎಣ್ಣಿ ಹಚ್ಚಿ, ತಾಡಪತ್ರಿ ಸುತ್ತಿ ಹಿತ್ತಲ ಖೋಲ್ಯಾಗ ಪೆಟ್ರೋಲ್ ಇಂಜಿನ್ ಇದ್ದ ಜಾಗಾದಾಗನ ಇಟ್ಟೀವಿ. ಮಾರೂ ಹಂಗಿಲ್ಲ ಅಂತ ನಾ ಹೇಳೀನಿ. ಕಡದ ಬಾಕು ಎರಡೂ ಈಗ ಪಡಸಾಲ್ಯಾಗ ಅದಾವು. ಮ್ಯಾಲ ಅದ ಜಮಖಾನಿ. ಶೇಂಗಾ ಒಡಿಯಾಕ ಬರೂ ಹೆಣ್ಣಮಕ್ಕಳು ಅಲ್ಲೇ ಕೂಡತಾರ. ಗಾಡಿಗೆ ಬೂದಿ ಬಣ್ಣ ಹೊಡಸೀವಿ. ಮನಿಯವರಿಗೆ ಇನ್ನೂ ಮನಸ್ಸಿಗೆ ಬಂದಿಲ್ಲ.

ಹಿಡಿಕಿ ಬಗ್ಗೆ ಮಾತ್ರ ನಾ ಇತಿಹಾಸನ ಮುಂದ ಇಟ್ಟೆ. ಯುದ್ಧದ ಜೀಪಿಗೆ ಬಾಡಿ ಸುತ್ತ ಹಿಡಿಕಿ ಇದ್ದುವು. ಕೆಸರಾಗ ಸಿಕ್ಕರ ನಾಕು ಮಂದಿ ಸಿಪಾಯಿಗೋಳು ಅವನ್ನ ಹಿಡದು ಗಾಡಿ ಎತ್ತಲಿ ಅಂತ. "ಸಿಪಾಯಿಗೆ ಇರಬಹುದು, ನಿಮ್ಮವ್ವಗ ಇರಬಾರದೇನು?" ಅಂತ ಮನಿಯವರನ್ನ ಕೇಳಿದೆ. "3ಬಿಗೆ ಆ ಜಾಗಾದಾಗ ಇರಲಿಲ್ಲ" ಅಂತ ಅವರು ಪುಸ್ತಕ ತಗದ್ರು. ಕಡೀಕ ಮಗ ಒಂದು ದಾರಿ ಮಾಡಿದ. ವೆಲ್ಡ್ ಕಡದು ಹಿಡಿಕಿ ತಗದು, ತಿಕ್ಕಿ, ಅದ ಜಾಗಾಕ್ಕ ಎರಡು ಬೋಲ್ಟಿಲೆ ಕೂಡಿಸ್ಯಾನ. ಮುಂದಿನ ತಿಂಗಳು ತಪಾಸಣಿಗೆ ಒಯ್ಯೂದೈತಿ. ಅವತ್ತ ಮುಂಜಾನೆ ಬಿಚ್ಚೂದು, ಸಂಜೀಕ ಮನಿಗೆ ಬಂದ ಮ್ಯಾಲ ಮತ್ತ ಹಾಕೂದು. ಪಾನಾ ನಾ ಜೀರಗಿ ಡಬ್ಬಿ ಹಿಂದ ಇಟ್ಟೀನಿ.